ಹಿಡಿದು ಬಿಟ್ಟ ಮೀನಿನ ಚರಿತ್ರೆ



ಕಳೆದ ವಾರ ಟೊರಾಂಟೊ ನಗರದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮಿಂಚಂಚೆಯಲ್ಲಿ ಒಂದು ಭಾವಚಿತ್ರ ಕಳಿಸಿದ್ದ. ಒಂಟಾರಿಯೊ ಸರೋವರದ ನಡುವೆ ದೋಣಿಯಲ್ಲಿ ನಿಂತು, ಎರಡೂ ಕೈಗಳಲ್ಲಿ ದೊಡ್ಡದೊಂದು ಸಾಲ್ಮನ್ ಮೀನನ್ನು ಮಗುವಿನಂತೆ ಎತ್ತಿಕೊಂಡು ನಗುತ್ತಿದ್ದಾನೆ. ಸಸ್ಯಾಹಾರಿಯಾದ ಮೇಷ್ಟ್ರಿಗೆ ಇದನ್ನು ಕಳಿಸಿದ್ದಕ್ಕೆ ಕ್ಷಮೆ ಕೇಳಿ, ಕೆಳಗೆ ಒಂದು ಸಾಲು ಸೇರಿಸಿದ್ದ: "ಸಾರ್, ದೋಣಿ ಅಲುಗಾಡಿದಾಗ ಮುತ್ತತ್ತಿಯ ಹರಿಗೋಲು ನೆನಪಾಯಿತು. ನಿಮಗೆ ನೆನಪಿದೆಯೇ?"

ನೆನಪಿಲ್ಲದೆ ಏನು! 1990ರ ಜನವರಿ ತಿಂಗಳು. ಶಾಲೆಯಿಂದ ಪ್ರವಾಸ ಹೊರಟು ಮುತ್ತತ್ತಿಗೆ ಹೋಗಿದ್ದೆವು. ಸೀತಾಮಾತೆ ನದಿಯಲ್ಲಿ ಕಳೆದುಕೊಂಡ ಮೂಗುತಿಯ ಮುತ್ತನ್ನು ಹನುಮಂತ ಎತ್ತಿಕೊಟ್ಟನೆಂದು ಅಲ್ಲಿನ ಸ್ಥಳಪುರಾಣ. ಆದ್ದರಿಂದಲೇ ಆ ದೇವರು ಮುತ್ತೆತ್ತರಾಯ. ದರ್ಶನ, ಬುತ್ತಿಯೂಟ ಎಲ್ಲ ಮುಗಿದ ಮೇಲೆ ಹುಡುಗರ ಹಟಕ್ಕೆ ಮಣಿದು, ಐದೈದು ಜನರಂತೆ ಹರಿಗೋಲಿನಲ್ಲಿ ಕೂರಿಸಿದೆ. ದಡದಿಂದ ಸ್ವಲ್ಪ ದೂರದಲ್ಲಿ ಇನ್ನೊಂದು ಹರಿಗೋಲು. ಅದರಲ್ಲೊಬ್ಬ ಬಿಳಿಯ. ಅವನ ಗಾಳದ ಕೋಲು ಬಿಲ್ಲಿನಂತೆ ಬಾಗಿತ್ತು. ಮೀನು ಹರಿಗೋಲನ್ನೇ ಎಳೆದುಕೊಂಡು ಹೋಗುತ್ತಿತ್ತು. ಅರ್ಧ ಗಂಟೆಯ ಸೆಣಸಾಟದ ನಂತರ ಆತ ಮೀನನ್ನು ದಡದ ಅಂಚಿನ ನೀರಿಗೆ ತಂದು, ತೂಕ ನೋಡಿ, ಪುಸ್ತಕದಲ್ಲಿ ಏನೋ ಬರೆದುಕೊಂಡು, ಮೆಲ್ಲಗೆ ನದಿಗೇ ಬಿಟ್ಟುಬಿಟ್ಟ.

ನಮ್ಮ ಹುಡುಗನೊಬ್ಬ ಕೂಡಲೇ ಕೇಳಿದ: "ಸಾರ್, ಬಿಡೋದಾದ್ರೆ ಹಿಡಿದಿದ್ದು ಯಾಕೆ?"

ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. "ಅದು ಅವರ ಆಟವಪ್ಪಾ" ಎಂದು ಹೇಳಿ ಸುಮ್ಮನಾಗಿಸಿದೆ. ಹರಿಗೋಲು ನಡೆಸುತ್ತಿದ್ದ ಹಿರಿಯರು ಮಾತ್ರ ಹುಟ್ಟು ಹಾಕುತ್ತಲೇ ಹೇಳಿದರು: "ಅದು ನೀಲಿ ರೆಕ್ಕೆದು ಸ್ವಾಮಿ, ಹೊರಗಿಂದ ತಂದು ಬಿಟ್ಟಿದ್ದು. ನಮ್ಮ ಹೊಳೇದು ಕೆಂಪು ರೆಕ್ಕೆದು. ಅದು ಈಗ ಕಮ್ಮಿ." ಇತಿಹಾಸದ ಮೇಷ್ಟ್ರಾದ ನಾನು ಆ ಮಾತನ್ನು ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟೆ. ಆ ಒಂದು ಮಾತಿನಲ್ಲಿ ಎಷ್ಟು ದೊಡ್ಡ ಚರಿತ್ರೆ ಅಡಗಿತ್ತೆಂಬುದು ನಿವೃತ್ತನಾಗಿ, ಓದಲು ಬಿಡುವು ದೊರೆತ ಮೇಲೆ ತಿಳಿಯಿತು. ಅದನ್ನೇ ಇಂದು ನಿಮ್ಮ ಮುಂದೆ ಇಡುತ್ತಿದ್ದೇನೆ.

ಆ ಮೀನಿನ ಹೆಸರು ಮಹಶೀರ್. ಕಾವೇರಿ ದಡದ ಜನ ಬಿಳಿ ಮೀನು ಎನ್ನುತ್ತಾರೆ. ಬ್ರಿಟಿಷರು ಇದನ್ನು ತಮ್ಮ ನಾಡಿನ ಸಾಲ್ಮನ್‌ಗೆ ಹೋಲಿಸಿ 'ಭಾರತದ ಸಾಲ್ಮನ್' ಎಂದು ಕರೆದದ್ದುಂಟು. ನಿಜಕ್ಕೂ ಇವೆರಡೂ ನೆಂಟರಲ್ಲ. ಮಹಶೀರ್ ನಮ್ಮ ಕೆರೆಗಳ ಗೆಂಡೆಮೀನಿನ ಬಳಗದ್ದು. ಸಾಲ್ಮನ್ ಸಮುದ್ರದಲ್ಲಿ ಬೆಳೆದು, ಮೊಟ್ಟೆಯಿಡಲು ಹುಟ್ಟಿದ ನದಿಗೆ ಮರಳುತ್ತದೆ. ಮಹಶೀರ್ ಸಮುದ್ರದ ಮುಖವನ್ನೇ ಕಾಣದು. ಆದರೂ ಮುಂಗಾರಿನ ಹೊಸ ನೀರು ಬಂದಾಗ ಪ್ರವಾಹಕ್ಕೆದುರಾಗಿ ಈಜಿ, ನದಿಯ ಮೇಲ್ಭಾಗದ ಉಪನದಿಗಳ ನುಣ್ಗಲ್ಲಿನ ತಳದಲ್ಲಿ ಮೊಟ್ಟೆಯಿಡುವ ಸ್ವಭಾವ ಇದಕ್ಕೂ ಇದೆ. ಗಾಳಕ್ಕೆ ಸಿಕ್ಕಾಗ ತೋರುವ ಕೆಚ್ಚಿನಲ್ಲಂತೂ ಸಾಲ್ಮನ್ನನ್ನೇ ಮೀರಿಸುತ್ತದೆಂದು ಬ್ರಿಟಿಷರೇ ಒಪ್ಪಿದ್ದರು. ಗಾತ್ರವನ್ನೂ ಹೋಲಿಸಿ ನೋಡೋಣ. 1922ರಲ್ಲಿ ಸ್ಕಾಟ್ಲೆಂಡಿನ ಟೇ ನದಿಯಲ್ಲಿ ಜಾರ್ಜಿನಾ ಬ್ಯಾಲಂಟೈನ್ ಎಂಬ ಮಹಿಳೆ ದೋಣಿಯಿಂದ ಗಾಳ ಹಾಕಿ ಹಿಡಿದ 64 ಪೌಂಡಿನ ಸಾಲ್ಮನ್ ಇಂದಿಗೂ ಬ್ರಿಟನ್ನಿನ ದಾಖಲೆ. ನಮ್ಮ ಕಬಿನಿಯಲ್ಲಿ 1946ರಲ್ಲಿ ಮೈಸೂರಿನ ಡಿ ವೆಟ್ ವ್ಯಾನ್ ಇಂಗೆನ್ ಹಿಡಿದ ಮಹಶೀರ್ 120 ಪೌಂಡು, ಎಂದರೆ ಸುಮಾರು 54 ಕಿಲೋ ತೂಗಿತು! ಬೇಟೆಯ ಪ್ರಾಣಿಗಳ ಚರ್ಮ ಹದಗೊಳಿಸಿ ಜೀವಂತವೆಂಬಂತೆ ನಿಲ್ಲಿಸುವ ಕಲೆಯಲ್ಲಿ ಲೋಕಪ್ರಸಿದ್ಧವಾದ ವ್ಯಾನ್ ಇಂಗೆನ್ ಮನೆತನದವರು ಅವರು.

ಗಾಳದ ವಿನೋದವನ್ನು ಬ್ರಿಟಿಷರೇ ನಮಗೆ ಕಲಿಸಿದರೆಂದು ಯಾರೂ ತಿಳಿಯಬಾರದು. ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ರಚಿಸಿದ ಸಂಸ್ಕೃತ ವಿಶ್ವಕೋಶ 'ಮಾನಸೋಲ್ಲಾಸ'ದಲ್ಲಿ ಮತ್ಸ್ಯವಿನೋದಕ್ಕೆಂದೇ ಒಂದು ಅಧ್ಯಾಯವಿದೆ. ಯಾವ ಮೀನಿಗೆ ಯಾವ ಎರೆ, ದಾರ ಹೇಗಿರಬೇಕು, ಕೋಲು ಹೇಗಿರಬೇಕು ಎಂಬುದೆಲ್ಲ ಅದರಲ್ಲಿದೆ. ಅದಾಗಿ ಏಳು ಶತಮಾನಗಳ ನಂತರ, ದಕ್ಷಿಣ ಕನ್ನಡದಲ್ಲಿ ಕಲೆಕ್ಟರರಾಗಿದ್ದ ಹೆನ್ರಿ ಸಲಿವನ್ ಥಾಮಸ್ 1873ರಲ್ಲಿ 'ದಿ ರಾಡ್ ಇನ್ ಇಂಡಿಯಾ' ಎಂಬ ಪುಸ್ತಕ ಬರೆದರು. ಮಂಗಳೂರಿನಲ್ಲೇ ಅಚ್ಚಾದ ಆ ಪುಸ್ತಕ ಮಹಶೀರನ್ನು ಜಗತ್ತಿನ ಗಾಳಗಾರರಿಗೆಲ್ಲ ಪರಿಚಯಿಸಿತು. ಥಾಮಸರು ಬರಿಯ ಬೇಟೆಗಾರರಲ್ಲ. ಸಣ್ಣ ಮೀನುಗಳನ್ನು ಒಟ್ಟೊಟ್ಟಿಗೆ ಕೊಲ್ಲುವುದರ ವಿರುದ್ಧ ಸರ್ಕಾರಕ್ಕೆ ವರದಿ ಬರೆದವರು. 1897ರಲ್ಲಿ ಬಂದ ಮೀನುಗಾರಿಕೆ ಕಾಯಿದೆ ವಿಷಪ್ರಯೋಗವನ್ನೂ ಸಿಡಿಮದ್ದಿನ ಬಳಕೆಯನ್ನೂ ನಿಷೇಧಿಸಿತು.

ನಮ್ಮ ಜನರದು ಬೇರೆಯೇ ದಾರಿ. ಶೃಂಗೇರಿಯ ತುಂಗಾತೀರದಲ್ಲಿ ಮಂಡಕ್ಕಿ ಎಸೆದಾಗ ನೀರೇ ಕುದಿದಂತೆ ಮೇಲೇಳುವ ಮೀನುಗಳನ್ನು ನೀವೆಲ್ಲ ಕಂಡಿದ್ದೀರಿ. ದಕ್ಷಿಣ ಕನ್ನಡದ ಶಿಶಿಲದಲ್ಲಿ, ತೀರ್ಥಹಳ್ಳಿ ಸಮೀಪದ ಚಿಪ್ಪಲಗುಡ್ಡೆಯಲ್ಲಿ, ಕಾವೇರಿ ತೀರದ ರಾಮನಾಥಪುರದಲ್ಲಿ ಇವು ದೇವರ ಮೀನುಗಳು. ಕಾನೂನು ಬರುವ ಮೊದಲೇ ಭಕ್ತಿ ಅವುಗಳನ್ನು ಕಾಯುತ್ತಿತ್ತು. ಭಕ್ತಿಗೂ ಮಿತಿಯುಂಟೆಂಬುದನ್ನು 1996ರಲ್ಲಿ ಶಿಶಿಲ ಕಂಡಿತು. ದುಷ್ಕರ್ಮಿಗಳು ನದಿಗೆ ವಿಷ ಬೆರೆಸಿ ಮೀನುಗಳ ಮಾರಣಹೋಮವಾಯಿತು. ಸತ್ತ ಮೀನುಗಳಿಗಾಗಿ ಊರವರು ಅಲ್ಲಿ ಸ್ಮಾರಕವನ್ನೇ ಕಟ್ಟಿದ್ದಾರೆ.

ಕಾವೇರಿಯ ಕಥೆಗೆ ಮರಳೋಣ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು, ಆಮೇಲೆ ಕನ್ನಂಬಾಡಿ ಕಟ್ಟೆ, 1934ರಲ್ಲಿ ಮೆಟ್ಟೂರು ಅಣೆಕಟ್ಟು, 1974ರಲ್ಲಿ ಕಬಿನಿ. ಒಂದೊಂದೂ ನಾಡಿಗೆ ಬೆಳಕು, ಅನ್ನ ಕೊಟ್ಟಿತು. ಒಂದೊಂದೂ ಮೀನಿನ ದಾರಿಗೆ ಗೋಡೆಯಾಯಿತು. ಅಲ್ಲದೆ ಸಿಡಿಮದ್ದಿನ ಹಾವಳಿ ಬೇರೆ. ಸ್ವಾತಂತ್ರ್ಯಾನಂತರ ಕಾವೇರಿಯ ದೈತ್ಯ ಮಹಶೀರ್ ಮುಗಿದೇಹೋಯಿತೆಂದು ಹೊರಜಗತ್ತು ನಂಬಿತ್ತು. 1970ರ ದಶಕದ ಉತ್ತರಾರ್ಧದಲ್ಲಿ ಮೂವರು ಇಂಗ್ಲಿಷ್ ಯುವಕರು ಹುಡುಕುತ್ತ ಬಂದು, ಅದು ಇನ್ನೂ ಇದೆಯೆಂದು ತೋರಿಸಿದರು. ಕ್ರಮೇಣ ಭೀಮೇಶ್ವರಿ, ದೊಡ್ಡಮಕ್ಕಳಿ, ಗಾಳಿಬೋರೆಗಳಲ್ಲಿ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯ ಶಿಬಿರಗಳು ನೆಲೆಯಾದವು. ಹಿಡಿದ ಮೀನನ್ನು ಬಿಡಲೇಬೇಕೆಂಬುದು ಅಲ್ಲಿನ ನಿಯಮ. ಎರೆ ಏನು ಗೊತ್ತೇ? ನಮ್ಮ ರಾಗಿ ಉಂಡೆ! ಸಾವಿರಾರು ಮೈಲಿ ದೂರದಿಂದ ಬಂದ ದೊರೆಗಳ ಬೆಲೆಬಾಳುವ ರೀಲಿನ ತುದಿಯಲ್ಲಿ ಬೇಯಿಸಿದ ರಾಗಿ ಹಿಟ್ಟಿನ ಉಂಡೆ ಕುಳಿತಿರುತ್ತಿತ್ತು. ಹಿಂದೆ ಮದ್ದು ಸಿಡಿಸಿ ಮೀನು ಹಿಡಿಯುತ್ತಿದ್ದ ಕೆಲವರೇ ಈ ಶಿಬಿರಗಳಲ್ಲಿ ಮಾರ್ಗದರ್ಶಕರಾದರು. ಮೀನು ಬದುಕಿದ್ದರೆ ತಮಗೂ ಬದುಕೆಂಬುದು ಅವರಿಗೆ ಮನದಟ್ಟಾಗಿತ್ತು.

ಇದೇ ಕಾಲದಲ್ಲಿ ಒಳ್ಳೆಯ ಉದ್ದೇಶದಿಂದಲೇ ಒಂದು ತಪ್ಪು ನಡೆಯಿತು. ಮಹಾರಾಷ್ಟ್ರದ ಲೋನಾವಳದಲ್ಲಿ ಟಾಟಾ ವಿದ್ಯುತ್ ಸಂಸ್ಥೆಯವರು 1970ರ ದಶಕದಲ್ಲಿ ಮಹಶೀರ್ ಮರಿ ಬೆಳೆಸುವ ಕೇಂದ್ರ ಕಟ್ಟಿದ್ದರು. ಅಲ್ಲಿನ ಮರಿಗಳನ್ನು ದೇಶದ ಹಲವು ನದಿಗಳಿಗೆ ಹಂಚಲಾಯಿತು. ಕಾವೇರಿಗೂ ತಂದು ಬಿಡಲಾಯಿತು. ಆದರೆ ಅದು ಕೃಷ್ಣಾ ಕೊಳ್ಳದ ನೀಲಿ ರೆಕ್ಕೆಯ ಮಹಶೀರ್. ಕಾವೇರಿಯದು ಬೆನ್ನು ಗೂನಾಗಿರುವ, ಕೇಸರಿಗೆಂಪು ರೆಕ್ಕೆಯ ಇನ್ನೊಂದೇ ಜಾತಿ. ಮಹಶೀರ್ ಎಂದರೆ ಮಹಶೀರ್ ತಾನೇ ಎಂಬ ಭಾವನೆಯಿಂದ ಯಾರೂ ರೆಕ್ಕೆಯ ಬಣ್ಣ ನೋಡಲಿಲ್ಲ. ಹರಿಗೋಲಿನ ಹಿರಿಯರು ನೋಡಿದ್ದರು. ಅವರನ್ನು ಯಾರು ಕೇಳುತ್ತಾರೆ? ನಾನೂ ಕೇಳಲಿಲ್ಲವಲ್ಲ!

ಈಗ ಆ ಹುಡುಗನ ಪ್ರಶ್ನೆಗೆ ಬರುತ್ತೇನೆ. ಬಿಡುವುದಾದರೆ ಹಿಡಿದದ್ದು ಏಕೆ? ಉತ್ತರ ದೊರೆತದ್ದು 2015ರಲ್ಲಿ. ಇಂಗ್ಲೆಂಡಿನ ಬೋರ್ನ್‌ಮತ್ ವಿಶ್ವವಿದ್ಯಾಲಯದ ಏಡ್ರಿಯನ್ ಪಿಂಡರ್, ಕೇರಳದ ರಾಜೀವ್ ರಾಘವನ್ ಮೊದಲಾದ ವಿಜ್ಞಾನಿಗಳು ಗಾಳಿಬೋರೆ ಶಿಬಿರದ ದಾಖಲೆ ಪುಸ್ತಕಗಳನ್ನು ತೆರೆದರು. 1998ರಿಂದ 2012ರವರೆಗೆ ಹಿಡಿದು ಬಿಟ್ಟ 6,000ಕ್ಕೂ ಹೆಚ್ಚು ಮೀನುಗಳ ಲೆಕ್ಕ ಅಲ್ಲಿತ್ತು. ನೀಲಿ ರೆಕ್ಕೆಯವು ವರ್ಷದಿಂದ ವರ್ಷಕ್ಕೆ ಹೆಚ್ಚಿದ್ದವು. ಗೂನುಬೆನ್ನಿನವು ಕುಸಿದಿದ್ದವು. ಸಿಕ್ಕ ಕೆಲವೂ ಬರಬರುತ್ತ ಬಲಿತ ದೊಡ್ಡ ಮೀನುಗಳೇ ಆಗಿದ್ದವು. ಮರಿಗಳು ಕಾಣೆಯಾಗಿದ್ದವು. ಮೇಷ್ಟ್ರ ಭಾಷೆಯಲ್ಲಿ ಹೇಳುವುದಾದರೆ, ಹತ್ತನೆಯ ತರಗತಿ ತುಂಬಿದ್ದು ಒಂದನೆಯ ತರಗತಿಗೆ ಒಂದು ಮಗುವೂ ಸೇರದ ಶಾಲೆಯಂತೆ. ಕಟ್ಟಡ ನಿಂತಿರುತ್ತದೆ, ಗಂಟೆ ಬಾರಿಸುತ್ತದೆ. ಆದರೆ ಆ ಶಾಲೆ ಮುಚ್ಚುವ ವರ್ಷವನ್ನು ಯಾರು ಬೇಕಾದರೂ ಲೆಕ್ಕ ಹಾಕಬಹುದು.

ಇನ್ನೊಂದು ಸೋಜಿಗ ಕೇಳಿ. ಜಗತ್ತಿನ ಗಾಳಗಾರರೆಲ್ಲ ಕೊಂಡಾಡಿದ ಈ ಮೀನಿಗೆ ಅಲ್ಲಿಯವರೆಗೆ ಖಚಿತವಾದ ವೈಜ್ಞಾನಿಕ ಹೆಸರೇ ಇರಲಿಲ್ಲ. 2018ರಲ್ಲಿ ವಂಶವಾಹಿ ಪರೀಕ್ಷೆ ನಡೆಸಿ, 2007ರಲ್ಲಿ ಕೇರಳದ ಪಾಂಬಾರ್ ನದಿಯಿಂದ ಗುರುತಿಸಲಾಗಿದ್ದ 'ಟಾರ್ ರೆಮಾದೇವಿಐ' ಎಂಬ ಜಾತಿಯೇ ಇದೆಂದು ನಿರ್ಧರಿಸಿದರು. ಭಾರತೀಯ ಪ್ರಾಣಿ ಸರ್ವೇಕ್ಷಣ ಸಂಸ್ಥೆಯ ವಿಜ್ಞಾನಿ ಕೆ. ರೆಮಾದೇವಿ ಅವರ ಗೌರವಾರ್ಥ ಇಟ್ಟ ಹೆಸರು ಅದು. ಅದೇ ವರ್ಷ ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಅದನ್ನು ತೀವ್ರ ಅಳಿವಿನಂಚಿನ ಜೀವಿಯೆಂದು ಸೇರಿಸಲಾಯಿತು. ಹಾಜರಿ ಪುಸ್ತಕದಲ್ಲಿ ಹೆಸರು ಬರೆಯುವ ಹೊತ್ತಿಗೆ ಮಗು ಶಾಲೆಯ ಬಾಗಿಲು ದಾಟಿ ಹೊರಟಿತ್ತು!

ಹಿಡಿದು ಬಿಡುವ ಆಟವೂ ಆ ವೇಳೆಗೆ ನಿಂತಿತ್ತು. ವನ್ಯಧಾಮದೊಳಗೆ ಗಾಳ ಹಾಕುವುದು 1972ರ ವನ್ಯಜೀವಿ ಕಾಯಿದೆಯಂತೆ ಬೇಟೆಯೇ ಎಂಬ ಕಾರಣಕ್ಕೆ 2012ರ ಸುಮಾರಿಗೆ ಶಿಬಿರಗಳಲ್ಲಿ ಅದನ್ನು ಕೈಬಿಡಲಾಯಿತು. ಕಾನೂನಿನ ದೃಷ್ಟಿಯಿಂದ ಅದು ಸರಿಯಿರಬಹುದು. ಆದರೆ ಆ ದಾಖಲೆ ಪುಸ್ತಕಗಳೂ ಅಂದಿಗೇ ನಿಂತವು.

ಇದನ್ನೆಲ್ಲ ಟೊರಾಂಟೊದ ಶಿಷ್ಯನಿಗೆ ಬರೆಯುವ ಮೊದಲು ಅವನ ಸರೋವರದ ಚರಿತ್ರೆಯನ್ನೂ ಓದಿದೆ. ಒಂಟಾರಿಯೊ ಸಿಹಿನೀರಿನ ಸರೋವರ. ಅಲ್ಲಿಗೇ ಸ್ವಂತವಾದ ಅಟ್ಲಾಂಟಿಕ್ ಸಾಲ್ಮನ್ ಅದರಲ್ಲಿ ಹೇರಳವಾಗಿತ್ತು. ವಲಸಿಗರು ಕಾಡು ಕಡಿದರು, ಮರ ಕೊಯ್ಯುವ ಗಿರಣಿಗಳಿಗಾಗಿ ತೊರೆಗಳಿಗೆ ಕಟ್ಟೆ ಕಟ್ಟಿದರು, ಮಿತಿಯಿಲ್ಲದೆ ಹಿಡಿದರು. ಸ್ಯಾಮ್ಯುಯೆಲ್ ವಿಲ್ಮಟ್ ಎಂಬವರು 1866ರ ಸುಮಾರಿಗೆ ಮರಿ ಬೆಳೆಸುವ ಕೇಂದ್ರ ಆರಂಭಿಸಿದರೂ ಮೀನು ಉಳಿಯಲಿಲ್ಲ. 19ನೆಯ ಶತಮಾನದ ಕೊನೆಯೊಳಗೆ ಆ ಸರೋವರದ ಸಾಲ್ಮನ್ ನಿರ್ನಾಮವಾಯಿತು. 1960ರ ದಶಕದ ಕೊನೆಯಿಂದ ಪೆಸಿಫಿಕ್ ಸಾಗರದ ಬೇರೆ ಸಾಲ್ಮನ್ ಜಾತಿಗಳನ್ನು ತಂದು ಬಿಟ್ಟರು. ನನ್ನ ಶಿಷ್ಯನ ಕೈಯಲ್ಲಿದ್ದದ್ದು ಅವುಗಳ ಸಂತತಿಯ ಶಿನೂಕ್ ಸಾಲ್ಮನ್. ಹಳೆಯ ಸಾಲ್ಮನ್ನನ್ನು ಮರಳಿ ನೆಲೆಗೊಳಿಸುವ ಯೋಜನೆಯೊಂದು 2006ರಲ್ಲಿ ಅಲ್ಲಿ ಆರಂಭವಾಯಿತು. ಹೊರಗಿನಿಂದ ತಳಿ ತಂದು, ತೊರೆಗಳನ್ನು ಸರಿಪಡಿಸಿ, ಮೊದಲಿನಿಂದ ಆರಂಭಿಸಬೇಕಾಯಿತು. ಒಮ್ಮೆ ಹೋದದ್ದನ್ನು ಕರೆತರುವುದು ಅಷ್ಟು ಕಷ್ಟ.

ನಮ್ಮದು ಇನ್ನೂ ಪೂರ್ತಿ ಹೋಗಿಲ್ಲ. ಮೋಯಾರ್ ನದಿಯಲ್ಲಿ ಗೂನುಬೆನ್ನಿನ ಮಹಶೀರ್ ಈ ಶತಮಾನದಲ್ಲೂ ಸಿಕ್ಕಿದೆ. ಬೇರೆಡೆಯಿಂದ ತರುವ ಮೊದಲು ನಮ್ಮ ಮನೆಯಲ್ಲಿರುವುದನ್ನು ಕಾಯುವ ಅವಕಾಶ ನಮಗಿದೆ.

ಇಲ್ಲಿ ನನ್ನದೇ ಒಂದು ಸಂಕಟವನ್ನು ಮುಚ್ಚಿಡಲಾರೆ. ನಂದಿನಿ ಲೇಔಟಿನ ನಮ್ಮ ಮನೆಯ ನಲ್ಲಿಯಲ್ಲಿ ಬೆಳಿಗ್ಗೆ ಬರುವುದು ಕಾವೇರಿ. ಶಿವನಸಮುದ್ರದ ಬಳಿ ನದಿಯಿಂದ ತಿರುಗಿಸಿದ ನೀರು ತೊರೆಕಾಡನಹಳ್ಳಿಯಲ್ಲಿ ಶುದ್ಧವಾಗಿ, ಹಾರೋಹಳ್ಳಿ, ತಾತಗುಣಿಗಳಲ್ಲಿ ಮತ್ತೆ ಮೇಲೆತ್ತಿಸಿಕೊಂಡು, ಸುಮಾರು 100 ಕಿಲೋಮೀಟರ್ ಹತ್ತಿ ಬರುತ್ತದೆ. ಆ ಮೀನು ಬದುಕಿದ್ದದ್ದು ಅಲ್ಲಿಂದ ಸ್ವಲ್ಪವೇ ಕೆಳಗೆ. ಇನ್ನೂ ಕೆಳಗೆ, ಮೇಕೆದಾಟಿನಲ್ಲಿ 67.16 ಟಿಎಂಸಿ ನೀರು ನಿಲ್ಲಿಸುವ ಅಣೆಕಟ್ಟಿನ ಪ್ರಸ್ತಾವವಿದೆ. ಬೆಂಗಳೂರಿಗೆ ಕುಡಿಯುವ ನೀರು ಬೇಕೆಂಬುದು ಸುಳ್ಳಲ್ಲ. ಬೇಸಗೆಯಲ್ಲಿ ನಮ್ಮ ಬೀದಿಗೆ ಟ್ಯಾಂಕರ್ ಬಂದಾಗ ಕೊಡ ಹಿಡಿದು ನಿಂತವರಲ್ಲಿ ನಾನೂ ಒಬ್ಬ. ಆದರೆ ಕಟ್ಟೆಯ ಹಿಂದೆ ಹರಿಯುವ ನದಿ ನಿಂತ ನೀರಾಗುತ್ತದೆ. ಹೊಸ ನೀರಿಗೆದುರಾಗಿ ಈಜಬೇಕಾದ ಮೀನಿಗೆ ಅದು ಮನೆಯಾಗಲಾರದು. ಯಾವುದು ಸರಿಯೆಂದು ತೀರ್ಪು ಕೊಡುವಷ್ಟು ದೊಡ್ಡವನು ನಾನಲ್ಲ. ತೀರ್ಪು ಕೊಡುವವರು ಲೆಕ್ಕದ ಪಟ್ಟಿಯಲ್ಲಿ ಈ ಮೀನಿನ ಹೆಸರನ್ನೂ ಬರೆದುಕೊಳ್ಳಲಿ ಎಂಬುದಷ್ಟೇ ನನ್ನ ಕೋರಿಕೆ. ಈಗ ಅದಕ್ಕೊಂದು ಹೆಸರಿದೆ.

ಅಂದು ಪ್ರಶ್ನೆ ಕೇಳಿದ ಹುಡುಗ ಇದನ್ನು ಓದುತ್ತಿದ್ದರೆ ಅವನಿಗೆ ಹೇಳುವುದಿಷ್ಟೇ. ಮಗೂ, ಬಿಟ್ಟ ಮೀನಿನ ಲೆಕ್ಕ ಬರೆದಿಟ್ಟಿದ್ದರಿಂದಲೇ ಹೋಗುತ್ತಿರುವ ಮೀನು ನಮಗೆ ಕಾಣಿಸಿತು. ನಿನ್ನ ಪ್ರಶ್ನೆ ಸರಿಯಾಗಿತ್ತು. ಅಂದು ಕೊಟ್ಟ ಉತ್ತರ ತಪ್ಪಾಗಿತ್ತು. ತಡವಾಗಿಯಾದರೂ ತಿದ್ದಿಕೊಂಡಿದ್ದೇನೆ.

ನಿಮ್ಮ ಮನೆಗಳಲ್ಲಿ ಕಾವೇರಿ, ಕಬಿನಿ, ಹೇಮಾವತಿಯ ದಡದಲ್ಲಿ ಬೆಳೆದ ಹಿರಿಯರಿದ್ದರೆ, ಅವರು ಕಂಡ ಬಿಳಿ ಮೀನಿನ ರೆಕ್ಕೆ ಯಾವ ಬಣ್ಣದ್ದಾಗಿತ್ತೆಂದು ಕೇಳಿ, ನನಗೆ ಬರೆದು ತಿಳಿಸಿ. ಹರಿಗೋಲಿನ ಹಿರಿಯರ ಮಾತನ್ನು ಒಮ್ಮೆ ಕೇಳಿಸಿಕೊಳ್ಳದೆ ಹೋದವನು ನಾನು. ಈ ಬಾರಿ ಬರೆದಿಟ್ಟುಕೊಳ್ಳುತ್ತೇನೆ.