ದನಿ ಕೇಳಿಸದಾದಾಗ ವಿಮಾನ ಏನು ಮಾಡಬೇಕು?

ರೇಡಿಯೊದವರ ಪಾಲಿಗೆ ಮೌನಕ್ಕಿಂತ ದೊಡ್ಡ ಶತ್ರು ಇನ್ನೊಂದಿಲ್ಲ. ಮಾತು ನಿಂತು ನಾಲ್ಕು ಕ್ಷಣ ಏನೂ ಕೇಳಿಸದಿದ್ದರೆ ನೀವು ರೇಡಿಯೊದ ಕಿವಿ ಹಿಂಡಿ ಬೇರೆ ಸ್ಟೇಷನ್ನಿಗೆ ಹೊರಟೇಬಿಡುತ್ತೀರಿ! ಅದಕ್ಕೇ ಅನೇಕ ನಿಲಯಗಳಲ್ಲಿ ಮೌನವನ್ನು ಕಾಯುವುದಕ್ಕೆಂದೇ ಒಂದು ಉಪಕರಣ ಇರುತ್ತದೆ. ಗೊತ್ತುಪಡಿಸಿದಷ್ಟು ಸೆಕೆಂಡು ಸದ್ದಿಲ್ಲದಿದ್ದರೆ ಅದು ಸಿದ್ಧವಾಗಿಟ್ಟ ಸಂಗೀತವನ್ನು ತಾನಾಗಿ ಹಾಕುತ್ತದೆ. ನಮ್ಮ ಮೌನದಿಂದ ಯಾರ ತಲೆಗೂ ಪೆಟ್ಟಾಗುವುದಿಲ್ಲ. ಆದರೆ ರೇಡಿಯೊ ಅಲೆಯ ಆಚೆ ತುದಿಯಲ್ಲಿ ಕೇಳುತ್ತಿರುವುದು ಮನುಷ್ಯನಲ್ಲ, ಹಾರುತ್ತಿರುವ ಒಂದು ಜೆಟ್ ಎಂದುಕೊಳ್ಳಿ. ಆಗ?

ಹವ್ಯಾಸಿಗಳು ನೆಲದಲ್ಲಿ ನಿಂತು ರಿಮೋಟ್‌ನಿಂದ ಹಾರಿಸುವ ಮಾದರಿ ಜೆಟ್‌ಗಳನ್ನು ಆಟಿಕೆ ಎಂದು ಕರೆಯಲು ಮನಸ್ಸು ಬರುವುದಿಲ್ಲ. ಹೊಟ್ಟೆಯೊಳಗೆ ನಿಜವಾದ ಪುಟ್ಟ ಟರ್ಬೈನ್ ಇರುತ್ತದೆ. ಅದು ಸೀಮೆಎಣ್ಣೆ ಕುಡಿದು ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಗಂಟೆಗೆ 300 ಕಿಲೋಮೀಟರ್ ವೇಗದಲ್ಲಿ ಹಾರುವಾಗ ಮೂರೇ ಸೆಕೆಂಡು ಸಂಪರ್ಕ ತಪ್ಪಿದರೂ ಅದು 250 ಮೀಟರ್ ದೂರ ಹೋಗಿರುತ್ತದೆ. ಆ ಮೂರು ಸೆಕೆಂಡಿನಲ್ಲಿ ಅದು ಏನು ಮಾಡಬೇಕೆಂದು ಮೊದಲೇ ಹೇಳಿಟ್ಟಿರುವ ಏರ್ಪಾಡಿಗೆ ಫೇಲ್‌ಸೇಫ್ ಎನ್ನುತ್ತಾರೆ. ಕೆಟ್ಟರೂ ಕೇಡಾಗದಿರಲಿ ಎಂಬುದು ಅದರ ಅರ್ಥ. ಈ ಸಲ ಅದರ ಕಥೆ ಹೇಳೋಣ.

ಈ ವಿಚಾರ ರೇಡಿಯೊಗಿಂತ ಹಳೆಯದು. 1870ರ ದಶಕದ ಆರಂಭದಲ್ಲಿ ಅಮೆರಿಕದ ಜಾರ್ಜ್ ವೆಸ್ಟಿಂಗ್‌ಹೌಸ್ ರೈಲುಗಳಿಗೆ ಒಂದು ಹೊಸ ಗಾಳಿ ಬ್ರೇಕ್ ಮಾಡಿದ. ರೈಲಿನುದ್ದಕ್ಕೂ ಹೋಗುವ ಕೊಳವೆಯಲ್ಲಿ ಗಾಳಿಯ ಒತ್ತಡ ಇರುವವರೆಗೆ ಬ್ರೇಕ್ ಸಡಿಲ. ಕೊಳವೆ ಒಡೆದರೆ, ಡಬ್ಬಿಗಳು ಕಳಚಿಕೊಂಡರೆ ಒತ್ತಡ ಇಳಿದು ಬ್ರೇಕ್ ತಾನಾಗಿ ಹಿಡಿಯುತ್ತದೆ. ಮುಂಬಯಿಯ ಕೇಳುಗರು ದಿನಾ ಏರುವ ಲೋಕಲ್ ರೈಲಿನಲ್ಲೂ ಮೋಟರ್‌ಮನ್ ಒಂದು ಹಿಡಿಯನ್ನು ಒತ್ತಿ ಹಿಡಿದಿರಬೇಕು. ಅವರಿಗೆ ಎಚ್ಚರ ತಪ್ಪಿ ಕೈ ಸಡಿಲವಾದರೆ ಬ್ರೇಕ್ ಬೀಳುತ್ತದೆ. ಅಲ್ಲಿ ಮೌನಕ್ಕೆ ಒಂದೇ ಅರ್ಥ: ನಿಲ್ಲು.

ಇನ್ನು ರೇಡಿಯೊಗೆ ಬರೋಣ. ಅದು ಮಾತಾಡುವುದನ್ನು ಕಲಿಯುವ ಮೊದಲೇ ದೂರದಿಂದ ಕೆಲಸ ಮಾಡಿಸುವುದನ್ನು ಕಲಿತಿತ್ತು ಎಂದರೆ ನಂಬುತ್ತೀರಾ? 1895ರಲ್ಲಿ ಕಲ್ಕತ್ತಾದ ಟೌನ್‌ಹಾಲ್‌ನಲ್ಲಿ ಜಗದೀಶಚಂದ್ರ ಬೋಸ್ ಅವರು ತಂತಿಯ ನಂಟಿಲ್ಲದೆ ದೂರದಲ್ಲಿದ್ದ ಗಂಟೆ ಬಾರಿಸಿ, ಮದ್ದಿನಪುಡಿಗೆ ಕಿಡಿ ತಾಗಿಸಿ ತೋರಿಸಿದರು. 1898ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ನಿಕೋಲಾ ಟೆಸ್ಲಾ ನೀರಿನ ತೊಟ್ಟಿಯಲ್ಲಿ ಪುಟ್ಟ ದೋಣಿಯೊಂದನ್ನು ರೇಡಿಯೊ ಅಲೆಗಳಿಂದಲೇ ನಡೆಸಿದ. ಅದೇ ವರ್ಷ ನವೆಂಬರ್‌ನಲ್ಲಿ ಅದಕ್ಕೆ ಪೇಟೆಂಟೂ ಸಿಕ್ಕಿತು.

ಮಾದರಿ ವಿಮಾನದ ಸರದಿ ಬಂದದ್ದು 1930ರ ದಶಕದಲ್ಲಿ. ಅಮೆರಿಕದ ಮಿಷಿಗನ್ ರಾಜ್ಯದ ಕಲಮಜೂ ಊರಿನ ಅಣ್ಣತಮ್ಮಂದಿರಾದ ವಾಲ್ಟರ್ ಗುಡ್ ಮತ್ತು ವಿಲಿಯಂ ಗುಡ್ ತಾವೇ ಕಟ್ಟಿದ ‘ಗಫ್’ ಎಂಬ ಮಾದರಿ ವಿಮಾನವನ್ನು 1937ರಲ್ಲಿ ರೇಡಿಯೊದಿಂದ ಹಾರಿಸಿದರು. ಅದು ಈಗ ಸ್ಮಿತ್‌ಸೋನಿಯನ್ ಸಂಗ್ರಹಾಲಯದಲ್ಲಿದೆ. ಮುಂದೆ ಹವ್ಯಾಸಿಗಳ ಕೈಗೆ ಬಂದ ಸರಳ ಸೆಟ್‌ಗಳಲ್ಲಿ ರಬ್ಬರ್ ಬ್ಯಾಂಡಿನ ಬಲದಿಂದ ತಿರುಗುವ ಒಂದು ಪುಟ್ಟ ಸಾಧನವಿತ್ತು. ಗುಂಡಿ ಒತ್ತಿದರೆ ಬಾಲದ ಚುಕ್ಕಾಣಿ ಒಂದು ಕಡೆ ತಿರುಗುವುದು, ಬಿಟ್ಟರೆ ನೇರವಾಗುವುದು. ಅಂದರೆ ಸಂಕೇತ ನಿಂತರೆ ಚುಕ್ಕಾಣಿ ನೆಟ್ಟಗೆ! ಆ ವಿಮಾನಗಳು ಯಾರ ಹಂಗೂ ಇಲ್ಲದೆ ತೇಲಬಲ್ಲ ನಿಧಾನದ ಹಕ್ಕಿಗಳು. ತುಂಬುತ್ತಿದ್ದ ಇಂಧನವೂ ಚೂರೇ ಚೂರು. ಹೀಗಾಗಿ ಯಾರೂ ಕೂತು ಯೋಚಿಸದಿದ್ದರೂ ಅಷ್ಟಿಷ್ಟು ಸುರಕ್ಷತೆ ತಾನಾಗಿಯೇ ಒದಗಿತ್ತು.

ವಿಮಾನ ದೊಡ್ಡದಾಗಿ ದನಿ ತಪ್ಪಿದರೆ ಏನಾಗುತ್ತದೆ ಎಂಬುದನ್ನು ಕ್ಯಾಲಿಫೋರ್ನಿಯ ನೋಡಿತು. 1956ರ ಆಗಸ್ಟ್ 16ರಂದು ಅಮೆರಿಕದ ನೌಕಾಪಡೆ ಪಾಯಿಂಟ್ ಮುಗು ನೆಲೆಯಿಂದ ಒಂದು ಹಳೆಯ ಹೆಲ್‌ಕ್ಯಾಟ್ ವಿಮಾನವನ್ನು ಪೈಲಟ್ ಇಲ್ಲದೆ, ರೇಡಿಯೊ ಹಿಡಿತದಲ್ಲಿ ಹಾರಿಸಿತು. ಕ್ಷಿಪಣಿ ಪರೀಕ್ಷೆಗೆ ಗುರಿಯಾಗಿ ಸಮುದ್ರದ ಮೇಲೆ ಹೋಗಬೇಕಿದ್ದ ಅದು ಮಾತು ಕೇಳುವುದನ್ನು ಬಿಟ್ಟು ಲಾಸ್ ಏಂಜಲೀಸ್ ಕಡೆಗೆ ತಿರುಗಿತು. ಹೊಡೆದುರುಳಿಸಲು ವಾಯುಪಡೆಯ ಎರಡು ಸ್ಕಾರ್ಪಿಯನ್ ಜೆಟ್‌ಗಳು ಬೆನ್ನಟ್ಟಿದವು. ಎರಡೂ ಸೇರಿ ಒಟ್ಟು 208 ರಾಕೆಟ್ ಹಾರಿಸಿದವು. ಒಂದೂ ಅದನ್ನು ಉರುಳಿಸಲಿಲ್ಲ! ನೆಲಕ್ಕೆ ಬಿದ್ದ ರಾಕೆಟ್‌ಗಳಿಂದ ಕಾಡಿಗೂ ಹುಲ್ಲಿಗೂ ಬೆಂಕಿ ಹತ್ತಿ ಸುಮಾರು 1000 ಎಕರೆ ಸುಟ್ಟಿತು. ಹೆಲ್‌ಕ್ಯಾಟ್ ಮಾತ್ರ ಇಂಧನ ಮುಗಿಯುವವರೆಗೆ ಹಾರಿ, ಪಾಮ್‌ಡೇಲ್ ಪಟ್ಟಣದಾಚೆಯ ಮರುಭೂಮಿಯಲ್ಲಿ ತಾನಾಗಿ ಬಿತ್ತು. ಪುಣ್ಯಕ್ಕೆ ಯಾರ ಜೀವವೂ ಹೋಗಲಿಲ್ಲ. ‘ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು’ ಎಂಬ ನಮ್ಮ ಗಾದೆ ನೆನಪಾಗುವುದಿಲ್ಲವೇ? ಸಂಪರ್ಕ ತಪ್ಪಿದ ಮೇಲೆ ಹೊರಗಿನಿಂದ ಮಾಡಬಹುದಾದದ್ದು ಬಹಳ ಕಡಿಮೆ. ಮಾಡಬೇಕಾದ್ದನ್ನು ಹಾರುವ ಮೊದಲೇ ವಿಮಾನದೊಳಗೆ ಇಟ್ಟಿರಬೇಕು.

ಮತ್ತೆ ಮಾದರಿ ವಿಮಾನಗಳ ಬಯಲಿಗೆ ಬರೋಣ. ಹಳೆಯ ಸೆಟ್‌ಗಳಲ್ಲಿ ಒಬ್ಬರ ಚಾನೆಲ್ಲನ್ನೇ ಇನ್ನೊಬ್ಬರೂ ಹಾಕಿದರೆ ವಿಮಾನ ಬಿದ್ದಂತೆಯೇ. ಅದಕ್ಕಾಗಿ ಕ್ಲಬ್ಬುಗಳಲ್ಲಿ ಒಂದು ಹಲಗೆ, ಚಾನೆಲ್‌ಗೊಂದು ಬಟ್ಟೆ ಕ್ಲಿಪ್ಪು. ಆ ಕ್ಲಿಪ್ಪು ಯಾರ ಕೈಯಲ್ಲಿದೆಯೋ ಅವರೇ ಹಾರಿಸಬೇಕು. ಕಳಪೆ ಸಂಕೇತ ಬಂದಾಗ ರೆಕ್ಕೆಯ ಪಟ್ಟಿಗಳನ್ನು ಅಲ್ಲಾಡಿಸುವ ಸರ್ವೊ ಎಂಬ ಪುಟ್ಟ ಮೋಟಾರುಗಳು ನಡುಗುತ್ತಿದ್ದವು. ಅದು ನೋಡುವವರಿಗೆ ಎಚ್ಚರಿಕೆಯೂ ಆಗುತ್ತಿತ್ತು. 1980ರ ದಶಕದಲ್ಲಿ ಪಿಸಿಎಂ ಎಂಬ ಡಿಜಿಟಲ್ ಪದ್ಧತಿ ಬಂತು. ಅದು ಬಂದ ಸಂಕೇತ ಸರಿಯೋ ತಪ್ಪೋ ಎಂದು ಲೆಕ್ಕ ಹಾಕಿ ನೋಡಿ ತಪ್ಪನ್ನು ಕಸಕ್ಕೆ ಹಾಕುತ್ತಿತ್ತು. ನಡುಕ ನಿಂತಿತು. ಆದರೆ ಸರಿಯಾದದ್ದು ಏನೂ ಬರದಿದ್ದರೆ? ಅದಕ್ಕೆ ಎರಡು ದಾರಿ. ಒಂದು ‘ಹೋಲ್ಡ್’, ಅಂದರೆ ಕೊನೆಗೆ ಕೇಳಿದ ಆಜ್ಞೆಯಂತೆಯೇ ಮುಂದುವರಿಯುವುದು. ಇನ್ನೊಂದು ಫೇಲ್‌ಸೇಫ್, ಅಂದರೆ ಮೊದಲೇ ಹೇಳಿಟ್ಟ ಸ್ಥಿತಿಗೆ ಬರುವುದು. ಅನೇಕ ಸೆಟ್‌ಗಳು ಕಾರ್ಖಾನೆಯಿಂದ ಬರುವಾಗ ‘ಹೋಲ್ಡ್’ನಲ್ಲೇ ಇರುತ್ತಿದ್ದವು. ಪೂರ್ತಿ ವೇಗದಲ್ಲಿ ಹೋಗುತ್ತಿದ್ದಾಗ ಸಂಪರ್ಕ ತಪ್ಪಿದರೆ ಪೂರ್ತಿ ವೇಗದಲ್ಲೇ ಹೋಗು ಎಂದಂತಾಯಿತು. ಹಳೆಯ ರಬ್ಬರ್ ಬ್ಯಾಂಡಿಗಿದ್ದ ಬುದ್ಧಿ ಹೊಸ ಚಿಪ್ಪಿಗೆ ನಾವು ಹೇಳಿಕೊಟ್ಟರೆ ಮಾತ್ರ ಬರುತ್ತಿತ್ತು!

ಹೆಚ್ಚು ಕಡಿಮೆ ಅದೇ ಕಾಲದಲ್ಲಿ ಪುಟ್ಟ ಟರ್ಬೈನುಗಳೂ ಬಂದವು. 1980ರ ದಶಕದ ಕೊನೆಗೆ ಜರ್ಮನಿಯ ಕುರ್ಟ್ ಶ್ರೆಕ್ಲಿಂಗ್ ಮನೆಯಲ್ಲೇ ಕಟ್ಟಬಹುದಾದ ಟರ್ಬೈನ್ ಮಾಡಿ ತೋರಿಸಿದ. ಅದರ ಗಾಳಿ ಒತ್ತುವ ಚಕ್ರ ಮರದ ಹಾಳೆಯದು, ಮೇಲೆ ಕಾರ್ಬನ್ ನಾರಿನ ಬಿಗಿತ. ಎಂಜಿನ್ ಹೀಗೆ ಹವ್ಯಾಸಿಗಳ ಕೈಗೆ ಸಿಕ್ಕ ಮೇಲೆ ‘ಹೋಲ್ಡ್’ ಎಂಬ ಅಲಕ್ಷ್ಯ ದುಬಾರಿಯಾಯಿತು. ಬಿದ್ದ ವಿಮಾನದಲ್ಲಿ ಎಂಜಿನ್ ಉರಿಯುತ್ತಿದ್ದರೆ, ಪಂಪು ಸೀಮೆಎಣ್ಣೆ ತಳ್ಳುತ್ತಲೇ ಇದ್ದರೆ ಬೆಂಕಿಗೆ ಬೇರೆ ಕಾರಣ ಬೇಕೆ?

2005ರ ಸುಮಾರಿಗೆ 2.4 ಗಿಗಾಹರ್ಟ್ಸ್ ಸೆಟ್‌ಗಳು ಬಂದು ಬಟ್ಟೆ ಕ್ಲಿಪ್ಪಿಗೆ ಬಿಡುವು ಕೊಟ್ಟವು. ಇವುಗಳಲ್ಲಿ ಅನೇಕವು ಒಂದೇ ತರಂಗಾಂತರದಲ್ಲಿ ನಿಲ್ಲದೆ ಸರಸರ ಜಿಗಿಯುತ್ತವೆ. ಸಿನಿಮಾ ಪ್ರಿಯರಿಗೊಂದು ಸ್ವಾರಸ್ಯ: ಹೀಗೆ ಜಿಗಿಯುವ ಉಪಾಯಕ್ಕೆ 1942ರಷ್ಟು ಹಿಂದೆಯೇ ಪೇಟೆಂಟ್ ಪಡೆದವರಲ್ಲಿ ಹಾಲಿವುಡ್ ತಾರೆ ಹೆಡಿ ಲಮಾರ್ ಒಬ್ಬರು. ಸಂಗೀತಗಾರ ಜಾರ್ಜ್ ಆಂಥೈಲ್ ಅವರ ಜೊತೆಗಾರ. ರೇಡಿಯೊದಿಂದ ನಡೆಸುವ ಟಾರ್ಪೆಡೊವನ್ನು ಶತ್ರು ಅಡ್ಡಿಪಡಿಸದಿರಲೆಂದು, ಪಿಯಾನೊದ ಮನೆಗಳಷ್ಟೇ, ಅಂದರೆ 88 ತರಂಗಾಂತರಗಳನ್ನು ಅವರು ಯೋಚಿಸಿದ್ದರು.

ಹೊಸ ಸೆಟ್‌ನಲ್ಲೂ ಒಂದು ಸೂಕ್ಷ್ಮವಿದೆ. ರಿಸೀವರನ್ನು ಟ್ರಾನ್ಸ್‌ಮಿಟರಿಗೆ ಜೋಡಿಸುವ ಕ್ಷಣದಲ್ಲಿ ಹಿಡಿಗಳು ಎಲ್ಲಿದ್ದವೋ ಅದನ್ನೇ ಫೇಲ್‌ಸೇಫ್ ಎಂದು ನೆನಪಿಟ್ಟುಕೊಳ್ಳುವ ಸೆಟ್‌ಗಳಿವೆ. ಆಗ ವೇಗದ ಹಿಡಿ ಮೇಲಿದ್ದರೆ ಮುಗಿಯಿತು. ಆದ್ದರಿಂದ ಜೆಟ್ ಹಾರಿಸುವವರು ಹಿಡಿಯನ್ನೂ ಅದರ ಟ್ರಿಮ್ಮನ್ನೂ ಪೂರ್ತಿ ಕೆಳಗಿಳಿಸಿ, ‘ಎಂಜಿನ್ ಆರಿಸು’ ಎಂಬ ಸ್ಥಿತಿಯನ್ನೇ ಫೇಲ್‌ಸೇಫ್ ಆಗಿ ಬರೆದಿಡುತ್ತಾರೆ. ಎಂಜಿನ್ ಕಾಯುವ ಕಂಪ್ಯೂಟರ್ ಅದನ್ನು ಕಂಡ ಕೂಡಲೇ ಪಂಪು ನಿಲ್ಲಿಸುತ್ತದೆ. ಎಂಜಿನ್ ಆರಿಸಿದರೆ ವಿಮಾನ ಹೋಗುತ್ತದಲ್ಲ ಎಂದು ನೀವು ಕೇಳಬಹುದು. ಹೋಗಬಹುದು. ಫೇಲ್‌ಸೇಫ್ ಇರುವುದು ವಿಮಾನವನ್ನು ಉಳಿಸಲಿಕ್ಕಲ್ಲ, ಕೆಳಗೆ ನಿಂತವರನ್ನು ಉಳಿಸಲಿಕ್ಕೆ.

ಬರೆದಿಟ್ಟರೆ ಸಾಲದು, ಪರೀಕ್ಷಿಸಬೇಕು. ವಿಮಾನವನ್ನು ನೆಲದಲ್ಲಿ ಭದ್ರವಾಗಿ ಹಿಡಿದು, ಮುಂದೆಯೂ ಹಿಂದೆಯೂ ಯಾರೂ ಇಲ್ಲವೆಂದು ನೋಡಿಕೊಂಡು, ಟ್ರಾನ್ಸ್‌ಮಿಟರನ್ನೇ ಆಫ್ ಮಾಡಿ ನೋಡುವುದು ವಾಡಿಕೆ. ಎಂಜಿನ್ ಆರಿದರೆ ಸರಿ. ಇಲ್ಲದಿದ್ದರೆ ಅಂದು ಹಾರಾಟವಿಲ್ಲ. ನಮ್ಮ ದೇಶದ 2021ರ ಡ್ರೋನ್ ನಿಯಮಗಳಲ್ಲಿ 25 ಕಿಲೋವರೆಗಿನ ಮಾದರಿ ವಿಮಾನಗಳಿಗೂ ಜಾಗವಿದೆ. ಅವನ್ನು ಕಣ್ಣಿಗೆ ಕಾಣುವಷ್ಟು ದೂರದಲ್ಲೇ ಹಾರಿಸಬೇಕು. ಆದರೆ ಎದುರಿಗೇ ಕಾಣುವ ವಿಮಾನವೂ ಮಾತು ಕೇಳದೆ ಹೋಗಬಹುದು ಎಂಬುದನ್ನು ನಿಯಮಕ್ಕಿಂತ ಹೆಚ್ಚಾಗಿ ಇತಿಹಾಸವೇ ಹೇಳುತ್ತದೆ.

ಬೋಸರ ಗಂಟೆಯಿಂದ ಇಂದಿನ ಜೆಟ್‌ವರೆಗೆ ಎಲ್ಲರೂ ದನಿಯನ್ನು ದೂರ ಮುಟ್ಟಿಸಲು ದುಡಿದರು. ಅದು ಮುಟ್ಟದ ಗಳಿಗೆಗೂ ಒಂದು ಉತ್ತರ ಬರೆದಿಟ್ಟವರ ಹೆಸರು ಅಷ್ಟಾಗಿ ಯಾರಿಗೂ ಗೊತ್ತಿಲ್ಲ. ಎಂದಾದರೂ ಬಯಲಲ್ಲಿ ಪುಟ್ಟ ಜೆಟ್ ಹಾರುವುದನ್ನು ಕಂಡರೆ ಹಾರಿಸುವವರ ಹತ್ತಿರ ಒಂದು ಮಾತು ಕೇಳಿ: ‘ಇದನ್ನು ಆಫ್ ಮಾಡಿದರೆ ಅದು ಏನು ಮಾಡುತ್ತದೆ ಸ್ವಾಮೀ?’ ಥಟ್ಟನೆ ಉತ್ತರ ಬಂದರೆ ನಿಶ್ಚಿಂತೆಯಿಂದ ನಿಂತು ನೋಡಿ. ತಡವರಿಸಿದರೆ ಸ್ವಲ್ಪ ದೂರವೇ ನಿಲ್ಲಿ.