ವಿಜ್ಞಾನೇಶ್ವರನೂ ಸ್ವತ್ವವಿಚಾರವೂ

ಧರ್ಮಶಾಸ್ತ್ರವೆಂದೊಡನೆ ಸ್ನಾನಸಂಧ್ಯೆ, ಶ್ರಾದ್ಧ, ಪ್ರಾಯಶ್ಚಿತ್ತಗಳಷ್ಟೇ ಅನೇಕರ ನೆನಪಿಗೆ ಬರುವವು. ಆದರೆ ಹೊಲಮನೆಗಳ ಒಡೆತನವೆಂದರೇನು, ಅದು ಎಲ್ಲಿಂದ ಹುಟ್ಟುವದು, ಅದರಲ್ಲಿ ಯಾರಿಗೆ ಎಷ್ಟು ಅಧಿಕಾರವೆಂಬ ಗಹನಪ್ರಶ್ನೆಗಳನ್ನು ತರ್ಕದ ಒರೆಗಲ್ಲಿಗೆ ಹಚ್ಚಿ ನೋಡಿದ ಮಹಾಪಂಡಿತನು ಕನ್ನಡನಾಡಿನಲ್ಲಿಯೇ ಆಗಿಹೋದನು. ಮಿತಾಕ್ಷರಾಕಾರನಾದ ವಿಜ್ಞಾನೇಶ್ವರನೇ ಆತನು.

ಚಾಲುಕ್ಯ ಆರನೆಯ ವಿಕ್ರಮಾದಿತ್ಯನು 1076 ರಿಂದ 1126 ರ ವರೆಗೆ ಕಲ್ಯಾಣದಲ್ಲಿ ರಾಜ್ಯವಾಳಿದನು. ಕಾಶ್ಮೀರದ ಬಿಲ್ಹಣನಿಗೆ ಆಶ್ರಯವಿತ್ತ ಆ ರಾಜಧಾನಿಯೇ ವಿಜ್ಞಾನೇಶ್ವರನ ಕಾರ್ಯಕ್ಷೇತ್ರವು. ಭಾರದ್ವಾಜಗೋತ್ರದ ಪದ್ಮನಾಭಭಟ್ಟನ ಮಗನಾದ ಈತನು ಪರಮಹಂಸ ಸಂನ್ಯಾಸಿಯು. ಗ್ರಂಥದ ಕೊನೆಯಲ್ಲಿ ಕಲ್ಯಾಣನಗರ, ವಿಕ್ರಮನೃಪ, ವಿಜ್ಞಾನೇಶ್ವರ ಈ ಮೂವರನ್ನೂ ಒಟ್ಟಿಗೆ ಕೊಂಡಾಡಿರುವದು. ಯಾಜ್ಞವಲ್ಕ್ಯಸ್ಮೃತಿಯ ಆಚಾರ, ವ್ಯವಹಾರ, ಪ್ರಾಯಶ್ಚಿತ್ತಗಳೆಂಬ ಮೂರು ಅಧ್ಯಾಯಗಳಿಗೂ ಮಿತಾಕ್ಷರೆಯು ವ್ಯಾಖ್ಯಾನವಾಗಿದ್ದರೂ, ಪರಸ್ಪರವಿರುದ್ಧವಾದ ಸ್ಮೃತಿವಚನಗಳನ್ನು ಮೀಮಾಂಸಾನ್ಯಾಯದಿಂದ ಹೊಂದಿಸಿದ್ದರಿಂದ ಅದು ಸ್ವತಂತ್ರ ನಿಬಂಧದ ಯೋಗ್ಯತೆಯನ್ನು ಪಡೆಯಿತು.

ಸ್ವತ್ವವು ಶಾಸ್ತ್ರದಿಂದ ಹುಟ್ಟುವದೋ, ಲೋಕದಿಂದಲೋ? ಲೋಕದಿಂದಲೇ ಎಂದು ಆತನ ಸಿದ್ಧಾಂತವು. ಆಹವನೀಯಾಗ್ನಿಯು ಶಾಸ್ತ್ರದಿಂದಲೇ ತಿಳಿಯತಕ್ಕದ್ದು. ಒಡೆತನವಾದರೋ ಬತ್ತದಂತೆ ಲೌಕಿಕಪ್ರಯೋಜನವುಳ್ಳದ್ದು. ಶಾಸ್ತ್ರದ ಗಂಧವಿಲ್ಲದ ಗಡಿನಾಡಿನ ಜನರೂ ಕೊಳ್ಳುವದು, ಮಾರುವದು ನಡೆಸುವರಷ್ಟೆ! ಸಂನ್ಯಾಸಿಯೊಬ್ಬನು ಶಾಸ್ತ್ರಗ್ರಂಥದಲ್ಲಿಯೇ ಹೀಗೆ ಲೋಕವ್ಯವಹಾರಕ್ಕೆ ಪ್ರಾಮಾಣ್ಯವನ್ನು ಕೊಟ್ಟದ್ದು ಸಾಮಾನ್ಯವಲ್ಲ.

ಇದರ ಮೇಲೆಯೇ ಜನ್ಮಸ್ವತ್ವವಾದವು ನಿಂತಿರುವದು. ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕುಂಟು. ಆದ್ದರಿಂದ ತಂದೆಯು ಅದನ್ನು ಮನಬಂದಂತೆ ಪರಭಾರೆ ಮಾಡಲಾರನು. ಬಂಗಾಲದ ಜೀಮೂತವಾಹನನಾದರೋ ತನ್ನ ದಾಯಭಾಗದಲ್ಲಿ, ತಂದೆಯ ಸ್ವತ್ವವು ಅಳಿದ ಮೇಲೆಯೇ ಮಗನದು ಹುಟ್ಟುವದೆಂದನು. ಸಪಿಂಡರೆಂದರೆ ಪಿಂಡಸಂಬಂಧವುಳ್ಳವರೆಂದು ಆತನು ಹೇಳಿದರೆ, ಒಂದೇ ಶರೀರದ ಅವಯವಗಳುಳ್ಳವರೆಂದು ವಿಜ್ಞಾನೇಶ್ವರನು ಅರ್ಥಮಾಡಿದನು.

ಸ್ತ್ರೀಧನದ ವಿಷಯದಲ್ಲಿ ಆತನ ಔದಾರ್ಯವು ವಿಶೇಷವಾದುದು. ಮೂಲದಲ್ಲಿಯ ‘ಆದಿ’ ಪದದಿಂದ ದಾಯ, ಕ್ರಯ, ವಿಭಾಗ ಮುಂತಾದವುಗಳಿಂದ ಬಂದುದೆಲ್ಲವೂ ಸ್ತ್ರೀಧನವೇ ಎಂದನು. 1810 ರಲ್ಲಿ ಕೋಲ್‌ಬ್ರೂಕನು ದಾಯಪ್ರಕರಣವನ್ನು ಇಂಗ್ಲಿಷಿಗೆ ತಂದ ಮೇಲೆ ಬ್ರಿಟಿಷ್ ನ್ಯಾಯಾಲಯಗಳಿಗೆ ಅದೇ ಆಧಾರವಾಯಿತು. ಆದರೂ ದಾಯವಾಗಿ ಬಂದುದು ಸ್ತ್ರೀಧನವಲ್ಲವೆಂದು ಪ್ರಿವಿ ಕೌನ್ಸಿಲು 1903 ರಲ್ಲಿ ನಿರ್ಣಯಿಸಿತು. ಗ್ರಂಥಕಾರನು ಕೊಟ್ಟುದನ್ನು ನ್ಯಾಯಾಧೀಶರು ಕಸಿದರು. ಧಾರವಾಡ ಜಿಲ್ಲೆಗೆ ಸೇರಿದ್ದ ಅಗಡಿ, ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಗಳು ಆಗ ಮುಂಬಯಿ ಇಲಾಖೆಯಲ್ಲಿದ್ದವು. ಅಲ್ಲಿ ಮಾತ್ರ ತಂದೆಯಿಂದ ಬಂದ ಆಸ್ತಿಗೆ ಮಗಳು ಪೂರ್ಣ ಒಡತಿಯಾಗುತ್ತಿದ್ದಳು.

1956 ರ ಹಿಂದೂ ಉತ್ತರಾಧಿಕಾರ ಕಾಯಿದೆಯು ದಾಯ, ವಿಭಾಗ, ಕ್ರಯಗಳಿಂದ ಬಂದುದಕ್ಕೆಲ್ಲ ಸ್ತ್ರೀಯನ್ನು ಪೂರ್ಣ ಸ್ವಾಮಿನಿಯಾಗಿ ಮಾಡಿ ಮಿತಾಕ್ಷರೆಯ ಅರ್ಥಕ್ಕೇ ಮರಳಿತು. ಹಾಗೆಂದು ಆಚಾರ್ಯನ ಮತದಲ್ಲಿ ಕೊರತೆಯಿಲ್ಲವೆನ್ನಲಾಗದು. ಜನ್ಮಸ್ವತ್ವವನ್ನು ಆತನು ಮಗನಿಗೆ ಕೊಟ್ಟನು, ಮಗಳಿಗೆ ಕೊಡಲಿಲ್ಲ. ಅದನ್ನು ಕರ್ನಾಟಕವು 1994 ರಲ್ಲಿಯೂ, ಭಾರತದ ಸಂಸತ್ತು 2005 ರಲ್ಲಿಯೂ ತುಂಬಿಕೊಟ್ಟವು. ಒಡೆತನವು ಲೋಕಸಿದ್ಧವೆಂದ ಮೇಲೆ ಲೋಕದ ನ್ಯಾಯಬುದ್ಧಿಯು ಬೆಳೆದಂತೆ ಅದೂ ಬೆಳೆಯತಕ್ಕದ್ದೇ. ಇಂದು ಮಗಳು ಹುಟ್ಟಿನಿಂದಲೇ ಭಾಗಸ್ಥಳೆಂದು ಕಾಯಿದೆಯು ಹೇಳುವಾಗ, ಕಲ್ಯಾಣದ ಆ ಯತಿಯ ಸಿದ್ಧಾಂತವೇ ಇನ್ನಷ್ಟು ವಿಶಾಲವಾಗಿ ಅಲ್ಲಿ ಮಾತಾಡುವದು.