ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? – ಮೆದುಳಿನ ಒಂದು ಹುಡುಕಾಟದ ಚರಿತ್ರೆ

"ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?" ಎಂಬ ಗಾದೆಯನ್ನು ಮೇಷ್ಟ್ರುಗಳ ಬಾಯಿಂದ ಕೇಳದ ವಿದ್ಯಾರ್ಥಿ ಯಾವ ಶಾಲೆಯಲ್ಲೂ ಇರಲಾರ. ಮೆದುಳಿನ ಮಟ್ಟಿಗೆ ಈ ಮಾತು ಎಷ್ಟು ನಿಜ? ನರಕೋಶಗಳನ್ನು ಬೆಳೆಸಿ ಉಳಿಸುವ ಪ್ರೋಟೀನುಗಳ ಚರಿತ್ರೆಯಲ್ಲಿ ಇದಕ್ಕೊಂದು ಉತ್ತರವಿದೆ.

1938ರಲ್ಲಿ ಇಟಲಿಯ ಫ್ಯಾಸಿಸ್ಟ್ ಸರ್ಕಾರ ಯಹೂದಿಗಳನ್ನು ವಿಶ್ವವಿದ್ಯಾಲಯಗಳಿಂದ ಹೊರಹಾಕಿತು. ಟ್ಯೂರಿನ್ ನಗರದ ಯುವ ವೈದ್ಯೆ ರೀಟಾ ಲೆವಿ-ಮೊಂಟಾಲ್ಚಿನಿ ಎದೆಗುಂದಲಿಲ್ಲ. ಮಲಗುವ ಕೋಣೆಯಲ್ಲೇ ಪ್ರಯೋಗಶಾಲೆ ಹೂಡಿ, ಹೊಲಿಗೆ ಸೂಜಿಗಳನ್ನು ಮಸೆದು ಉಪಕರಣ ಮಾಡಿಕೊಂಡು, ಕೋಳಿಮೊಟ್ಟೆಯೊಳಗಿನ ಭ್ರೂಣಗಳನ್ನು ಪರೀಕ್ಷಿಸಿದರು. ಮೊಳೆಯುತ್ತಿರುವ ರೆಕ್ಕೆ ಅಥವಾ ಕಾಲಿನ ಭಾಗವನ್ನು ತೆಗೆದರೆ, ಅಲ್ಲಿಗೆ ಹೋಗಬೇಕಾದ ನರಕೋಶಗಳು ಹುಟ್ಟಿದ ಮೇಲೂ ಸಾಯುತ್ತಿದ್ದವು.

1947ರಲ್ಲಿ ವಿಕ್ಟರ್ ಹ್ಯಾಂಬರ್ಗರ್ ಅವರ ಕರೆಯ ಮೇರೆಗೆ ರೀಟಾ ಅಮೆರಿಕದ ಸೇಂಟ್ ಲೂಯಿಸ್‌ಗೆ ಹೋದರು. 1952ರಲ್ಲಿ ಬ್ರೆಜಿಲಿನ ರಿಯೊ ಡಿ ಜನೈರೊದಲ್ಲಿ, ಇಲಿಯ ಗಡ್ಡೆಯ ಚೂರಿನ ಬಳಿ ಇಟ್ಟ ನರಗಂಟಿನಿಂದ ಸೂರ್ಯಕಿರಣಗಳಂತೆ ತಂತುಗಳು ಹೊಮ್ಮಿದವು. ಗಡ್ಡೆ ಯಾವುದೋ ವಸ್ತುವನ್ನು ಸ್ರವಿಸುತ್ತಿತ್ತು. ಜೀವರಸಾಯನ ವಿಜ್ಞಾನಿ ಸ್ಟ್ಯಾನ್ಲಿ ಕೋಹೆನ್ ಅದನ್ನು ಹುಡುಕುತ್ತಾ ಹೋದಾಗ ಹಾವಿನ ವಿಷದಲ್ಲೂ ಇಲಿಯ ಜೊಲ್ಲುಗ್ರಂಥಿಯಲ್ಲೂ ಅಂಥದೇ ಪ್ರೋಟೀನು ಸಿಕ್ಕಿತು. ಅದೇ ಎನ್.ಜಿ.ಎಫ್., ಅಂದರೆ ನರ ಬೆಳವಣಿಗೆಯ ಅಂಶ. 1986ರಲ್ಲಿ ಇಬ್ಬರಿಗೂ ನೊಬೆಲ್ ಪ್ರಶಸ್ತಿ ಬಂತು.

ಆದರೆ ಮೆದುಳಿನೊಳಗೆ ಇಂಥ ವಸ್ತು ಇದೆಯೇ? 1982ರಲ್ಲಿ ಈವ್ ಬಾರ್ಡ್, ಹಾನ್ಸ್ ಥೋನೆನ್ ಮತ್ತು ಸಂಗಡಿಗರು ಹಂದಿಯ ಮೆದುಳಿನಿಂದ ಎನ್.ಜಿ.ಎಫ್.ನ ಬಂಧುವಾದ ಬಿ.ಡಿ.ಎನ್.ಎಫ್. ಎಂಬ ಪ್ರೋಟೀನನ್ನು ಬೇರ್ಪಡಿಸಿದರು. 1990ರ ಹೊತ್ತಿಗೆ ಅದೇ ಕುಟುಂಬದ ಎನ್.ಟಿ.-3 ಕೂಡ ಗೊತ್ತಾಯಿತು. ಯಾವುದು ಎಲ್ಲಿದೆ, ಯಾವಾಗ ಇದೆ ಎಂದು ಇಲಿಗಳಲ್ಲಿ ಹುಡುಕಿದಾಗ ಸ್ವಾರಸ್ಯಕರ ಸಂಗತಿ ತಿಳಿಯಿತು. ನರಕೋಶಗಳು ಹುಟ್ಟಿ, ತಮ್ಮ ಜಾಗ ಸೇರುವ ಎಳೆಯ ಮೆದುಳಿನಲ್ಲಿ ಎನ್.ಟಿ.-3 ಹೆಚ್ಚು; ಬಲಿತಂತೆ ಅದು ಇಳಿಯುತ್ತದೆ. ಬಿ.ಡಿ.ಎನ್.ಎಫ್. ಮೊದಲು ಕಡಿಮೆಯಿದ್ದು, ಮೆದುಳು ಬಲಿತಂತೆ ಏರುತ್ತದೆ. ಬೆಳೆದ ಪ್ರಾಣಿಯಲ್ಲಿ ಅದು ಹೇರಳವಾಗಿರುವ ಜಾಗಗಳಲ್ಲಿ ಮುಖ್ಯವಾದುದು ಹಿಪ್ಪೋಕ್ಯಾಂಪಸ್, ಅಂದರೆ ಹೊಸ ನೆನಪುಗಳನ್ನು ಕಟ್ಟುವ ಭಾಗ. ಚಕ್ರದಲ್ಲಿ ಓಡುವ ಇಲಿಗಳಲ್ಲಿ ಈ ಭಾಗದ ಬಿ.ಡಿ.ಎನ್.ಎಫ್. ತಯಾರಿ ಚುರುಕಾಗುವುದೂ 1995ರಲ್ಲಿ ಕಂಡುಬಂತು.

ಗಾದೆ ಪೂರ್ತಿ ಸುಳ್ಳೆಂದು ಇದರ ಅರ್ಥವಲ್ಲ. ಎಳೆಯ ಮೆದುಳು ಬಾಗುವಷ್ಟು ಸಲೀಸಾಗಿ ಬಲಿತದ್ದು ಬಾಗದು. ಹಾಗೆಂದು ಬಲಿತ ಮೆದುಳು ಒಣಗಿದ ಮರವೂ ಅಲ್ಲ; ಕಲಿಕೆಗೆ ಬೇಕಾದ ಗೊಬ್ಬರವನ್ನು ಅದು ಕೊನೆಯವರೆಗೂ ತಾನೇ ತಯಾರಿಸುತ್ತಿರುತ್ತದೆ. 1909ರಲ್ಲಿ ಹುಟ್ಟಿದ ರೀಟಾ 92ರ ವಯಸ್ಸಿನಲ್ಲಿ ಇಟಲಿಯ ಸೆನೆಟ್ ಸದಸ್ಯೆಯಾಗಿ ಹೊಸ ಕೆಲಸ ಕಲಿತು, 103 ವರ್ಷ ಬಾಳಿದರು.

ನಮ್ಮ ಶಾಲೆಯ ಮೆಟ್ಟಿಲು ಹತ್ತಿ, ಮನೆಯ ಕಷ್ಟಕ್ಕೆ ಓದನ್ನು ಅರ್ಧಕ್ಕೇ ಬಿಟ್ಟವರು ಊರಲ್ಲಿ ಅನೇಕರಿದ್ದಾರೆ. "ಇನ್ನು ನಮಗೇನು ಹತ್ತುತ್ತದೆ" ಎಂದು ಅವರು ಕೈಚೆಲ್ಲಬೇಕಾಗಿಲ್ಲ. ಮಕ್ಕಳ ಆಟದ ಪೀರಿಯಡ್ಡನ್ನು ಲೆಕ್ಕದ ಪಾಠಕ್ಕೆ ಕಿತ್ತುಕೊಳ್ಳುವ ನಾವು ಶಿಕ್ಷಕರೂ ಆ ಓಡುವ ಇಲಿಗಳನ್ನು ಒಮ್ಮೆ ನೆನೆಯುವುದು ಒಳ್ಳೆಯದು.